ಒಲೆಯಲ್ಲಿ ಸೌದೆ ಉರಿಯೋದಿಲ್ಲ!

"ಇನ್ನೇನು, ನೀರು ಉರಿಯುತ್ತಾ?" ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ, ಹೇಳ್ತೀನಿ.

ಸೌದೆಗೆ ಬಿಸಿ ತಾಗಿದಾಗ ಮೊದಲು ಹೋಗೋದು ಅದರೊಳಗಿನ ನೀರು. ಸುಮಾರು 200 ಡಿಗ್ರಿ ದಾಟಿದ ಮೇಲೆ ಹೆಮಿಸೆಲ್ಯುಲೋಸ್ ಒಡೆಯುತ್ತೆ. 300ರಿಂದ 400ರ ನಡುವೆ ಸೆಲ್ಯುಲೋಸ್ ಸರದಿ. ಲಿಗ್ನಿನ್ ಸ್ವಲ್ಪ ಸೋಮಾರಿ, ನಿಧಾನವಾಗಿ ಒಡೆದು ಹೆಚ್ಚು ಇದ್ದಿಲು ಉಳಿಸುತ್ತೆ. ಒಣ ಸೌದೆಯ ತೂಕದ ಮುಕ್ಕಾಲು ಭಾಗ ಹೀಗೆ ಅನಿಲ, ಆವಿಯಾಗಿ ಹೊರಡುತ್ತೆ. ನಮಗೆ ಕಾಣೋ ಜ್ವಾಲೆ ಆ ಅನಿಲದ್ದು. ಲ್ಯಾಬಿನವರು ಕೆಲವೇ ಮಿಲಿಗ್ರಾಂ ಪುಡಿಯನ್ನ ಪುಟ್ಟ ತಕ್ಕಡಿಯಲ್ಲಿಟ್ಟು, ಬಿಸಿ ಏರಿಸ್ತಾ, ತೂಕ ಇಳಿಯೋದನ್ನ ಬರೆದುಕೊಳ್ತಾರೆ.

ನಮ್ಮ ಕಡೆ ಜನಕ್ಕೆ ತಕ್ಕಡಿ ಇಲ್ಲದೆಯೇ ಇದು ಗೊತ್ತು. ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ನಾಲೆ ನೀರು, ಕಬ್ಬು. ಆಲೆಮನೆ ಒಲೆಗೆ ರಸ ಹಿಂಡಿದ ಸಿಪ್ಪೆಯೇ ಸೌದೆ. ಒಣಗಿದ್ರೆ ಭಗ್ ಅಂತ ಹತ್ತಿ ಕ್ಷಣದಲ್ಲಿ ಮುಗಿಯುತ್ತೆ. ಒಲೆ ಮುಂದೆ ಕೂತವನು ಹಾಕ್ತಾನೇ ಇರಬೇಕು. ನಾಗಮಂಗಲದ ಕಡೆ ತೆಂಗಿನ ಗರಿ, ಕರಟ. ಕರಟದಲ್ಲಿ ಲಿಗ್ನಿನ್ ಜಾಸ್ತಿ, ಅದಕ್ಕೇ ಕೆಂಡ ಬಹಳ ಹೊತ್ತು ನಿಲ್ಲುತ್ತೆ. ಕೆ.ಆರ್.ಪೇಟೆಯಲ್ಲಿ ಎರಡೂ ಸಿಗುತ್ತೆ.

ಹಾಗಾದರೆ ಹೊಗೆ? ಅದು ಉರಿಯದೆ ತಪ್ಪಿಸಿಕೊಂಡ ಸೌದೆ. ನಮ್ಮವ್ವ ನಲವತ್ತು ವರ್ಷ ಉಸಿರಾಡಿದ್ದು ಅದನ್ನೇ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಇದಕ್ಕೆ ದಾರಿ ಹುಡುಕಿದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಶುರು ಮಾಡಿದರು. ಹೊಗೆ ಹೊರಗೆ ಹೋಗೋ ಅಸ್ತ್ರ ಒಲೆ ಬಂದಿದ್ದು ಅಲ್ಲಿಂದಲೇ. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯ ಅನಿಲದಿಂದ ಇಂಜಿನ್ ಓಡಿಸಿ ದೀಪ ಹಚ್ಚಿದರು.

ತಮಾಷೆ ಅಂದ್ರೆ, ಬೆಂಕಿ ತಡೆಯೋ ಬಟ್ಟೆಯದ್ದೂ ಇದೇ ವಿದ್ಯೆ, ತಿರುವುಮುರುವು ಅಷ್ಟೆ. ಹತ್ತಿಯೂ ಸೆಲ್ಯುಲೋಸೇ ತಾನೆ? ಅದಕ್ಕೆ ಫಾಸ್ಫೇಟ್ ಲವಣ ಹಿಡಿಸಿದರೆ, ಬಿಸಿಗೆ ಉರಿಯೋ ಅನಿಲದ ಬದಲು ನೀರಾವಿ, ಇದ್ದಿಲು ಜಾಸ್ತಿ ಬರುತ್ತೆ. ಅನಿಲ ಸಾಲದೆ ಜ್ವಾಲೆ ಸೋಲುತ್ತೆ. 1821ರಲ್ಲೇ ಫ್ರಾನ್ಸಿನ ಗೇ-ಲುಸಾಕ್ ಅಮೋನಿಯಂ ಫಾಸ್ಫೇಟ್, ಬೋರಾಕ್ಸ್ ಬಳಸಿ ಇದನ್ನ ತೋರಿಸಿದ್ದ. ನಾವು ಕಬ್ಬಿಗೆ ಹಾಕೋ ಡಿಎಪಿ ಕೂಡ ಅಮೋನಿಯಂ ಫಾಸ್ಫೇಟೇ! ಹಾಗಂತ ಸೀರೆಯನ್ನ ಗೊಬ್ಬರದ ನೀರಲ್ಲಿ ಅದ್ದಬೇಡಿ ಮತ್ತೆ. ಒಂದೇ ಒಗೆತಕ್ಕೆ ಹೋಗಿಬಿಡುತ್ತೆ. ಒಗೆದರೂ ಉಳಿಯೋ ಹಾಗೆ ನೂಲಿಗೆ ಅಂಟಿಸೋದೇ ಸಂಶೋಧಕರ ತಲೆನೋವು.

ಅಡುಗೆಗೆ ಸಿಲಿಂಡರ್ ಬಂದರೂ ನಮ್ಮೂರಲ್ಲಿ ಸ್ನಾನದ ಹಂಡೆಗೆ ಇನ್ನೂ ಸೌದೆಯೇ. ಅಲ್ಲಿವರೆಗೆ ಮಾಡಬಹುದಾದ್ದು ಸುಲಭ: ಸೌದೆ ಚೆನ್ನಾಗಿ ಒಣಗಲಿ, ಒಲೆಗೆ ಗಾಳಿ ಆಡಲಿ. ಹಸಿ ಸೌದೆ ಹಾಕಿ ಊದೋ ಕೆಲಸವನ್ನ ಮನೆ ಹೆಂಗಸರಿಗೇ ಬಿಟ್ಟು ಹೊರಗೆ ಪೇಪರ್ ಓದೋದು ಮಾತ್ರ ಬೇಡ. ಏನಂತೀರಿ?