ಉಳಿದವರ ಮಾತು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದರ ಅರ್ಥ ಚೆನ್ನಾಗಿ ಮನಸ್ಸಿಗಿಳಿಯಬೇಕಾದರೆ ಮುಂಬಯಿಯ ಧಾರಾವಿಗೆ ಬಂದು ಕುಂಭಾರವಾಡೆಯಲ್ಲಿ ಒಂದು ಸುತ್ತು ಹಾಕಬೇಕು. ಸೌರಾಷ್ಟ್ರದಿಂದ ವಲಸೆ ಬಂದ ಕುಂಬಾರರ ಕೇರಿಯದು. ಹಸಿ ಮಡಕೆ ಮುರಿದರೆ ಅವರು ಚಿಂತಿಸುವುದಿಲ್ಲ; ನೀರಿಗೆ ಹಾಕಿ ನೆನೆಸಿ ಮತ್ತೆ ಕಲಸುತ್ತಾರೆ. ಭಟ್ಟಿಯಲ್ಲಿ ಬೆಂದ ಮಡಕೆ ಒಡೆದರೆ ಮಾತ್ರ ಅದು ಮರಳಿ ಮಣ್ಣಾಗುವುದಿಲ್ಲ. ಹಾಗಾದರೆ ಹತ್ತು ವರ್ಷ ಸಂಸಾರದಲ್ಲಿ ಬೆಂದ ಮನಸ್ಸು ಒಂದು ದಿನ ಒಡೆದರೆ ಅದರ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಎರಡು ವರ್ಷ ಕಳೆದಿದ್ದೇವೆ. ಕಂಡುಕೊಂಡಷ್ಟನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗಂಡನು ಬೇರೊಬ್ಬಳ ಸಂಗ ಮಾಡಿ ಮನೆ ತೊರೆದ ಸಂಗತಿಯನ್ನು ‘ನಾನು’ ಎಂದು ಬರೆಯಲು ನಮಗಿನ್ನೂ ಕೈ ಏಳದು. ಅದೂ ಅಲ್ಲದೆ ಈ ಅನುಭವ ಒಬ್ಬರದಲ್ಲ. ನಮ್ಮ ಗಲ್ಲಿಯೊಂದರಲ್ಲೇ ನಾವು ಮೂವರಿದ್ದೇವೆ. ಒಬ್ಬಾಕೆ ಯಾದಗಿರಿಯ ಕಡೆಯವಳು, ನಾಲ್ಕು ಮನೆಗಳ ಪಾತ್ರೆ ತಿಕ್ಕುತ್ತಾಳೆ. ಇನ್ನೊಬ್ಬಾಕೆ ತಮಿಳು ಹೆಂಗಸು, ಬೆಳಗಿನ ಜಾವಕ್ಕೆದ್ದು ಇಡ್ಲಿ ಬೇಯಿಸಿ ಮಾರುತ್ತಾಳೆ. ಮೂರನೆಯವರೇ ಕಲಬುರ್ಗಿಯಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಮುಂಬಯಿಗೆ ಬಂದು, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಾವು. ಓದಿನಲ್ಲಿ, ಸಂಬಳದಲ್ಲಿ ನಮ್ಮ ನಮ್ಮಲ್ಲಿ ಬಹಳ ಅಂತರವುಂಟು. ದುಃಖದಲ್ಲಿ ಮಾತ್ರ ಇಲ್ಲ.

ಇಂಥ ಪೆಟ್ಟು ಬಿದ್ದಾಗ ಮೊದಲು ಕುಸಿಯುವುದು ಗಂಡನ ಮೇಲಿನ ನಂಬಿಕೆ ಎಂದು ಜನ ತಿಳಿದಿರುತ್ತಾರೆ. ನಮ್ಮ ಅನುಭವ ಬೇರೆ. ಮೊದಲು ಕುಸಿಯುವುದು ನಮ್ಮ ಮೇಲಿನ ನಂಬಿಕೆ. ಕಚೇರಿಯಲ್ಲಿ ಒಂದು ಕಡತ ಕಾಣೆಯಾದರೆ, ‘ಕಡೆಗೆ ಯಾರ ಮೇಜಿನ ಮೇಲಿತ್ತು?’ ಎಂದು ಕೇಳುವುದು ವಾಡಿಕೆ. ಅದೇ ವಿಚಾರಣೆ ಮನೆಯಲ್ಲೂ ಆರಂಭವಾಯಿತು. ಅಡಿಗೆ ರುಚಿಯಿರಲಿಲ್ಲವೇ? ಮೈಬಣ್ಣ ಕಪ್ಪಾಯಿತೇ? ಕೆಲಸಕ್ಕೆ ಹೋದದ್ದೇ ತಪ್ಪಾಯಿತೇ? ಕನ್ನಡಿಯ ಮುಂದೆ ನಿಂತು, ಕಣ್ಣಾರೆ ಕಾಣದ ಒಬ್ಬ ಹೆಂಗಸಿನೊಡನೆ ನಮ್ಮನ್ನು ಹೋಲಿಸಿಕೊಂಡ ರಾತ್ರಿಗಳು ಎಷ್ಟೋ. ವಿಚಿತ್ರವೆಂದರೆ, ಇಡ್ಲಿ ಮಾರುವ ಆಕೆಯೂ ಇದೇ ಪ್ರಶ್ನೆಗಳನ್ನು ಕೇಳಿಕೊಂಡಿದ್ದಳು; ಮನೆಯಲ್ಲೇ ಇದ್ದುದು ತಪ್ಪಾಯಿತೇನೋ ಎಂಬುದು ಆಕೆಯ ಸಂಶಯ! ದುಡಿಯಲು ಹೊರಗೆ ಹೋದವಳಿಗೂ ಅದೇ ಸಂಶಯ, ಮನೆಯಲ್ಲಿದ್ದವಳಿಗೂ ಅದೇ. ಇಬ್ಬರ ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನಮಗೆ ಮೊದಲ ಬಾರಿಗೆ ನಗು ಬಂತು. ಕಡತ ಎತ್ತಿಕೊಂಡು ಹೋದವನನ್ನು ಬಿಟ್ಟು ನಾವು ಮೇಜನ್ನು ವಿಚಾರಣೆ ಮಾಡುತ್ತಿದ್ದೆವು. ಮಾತು ತಪ್ಪುವುದು ತಪ್ಪಿದವನ ನಿರ್ಧಾರ. ಮನೆಯಲ್ಲಿ ಮನಸ್ತಾಪಗಳಿದ್ದರೆ ಅವು ಇಬ್ಬರವೂ ಆಗಿರಬಹುದು. ಮೋಸ ಮಾತ್ರ ಮಾಡಿದವರದೇ.

ಬಂಧುಗಳ ಮಾತು ಇಂಥ ಸಮಯದಲ್ಲಿ ಔಷಧಿಯೂ ಆಗಬಹುದು, ಉಪ್ಪೂ ಆಗಬಹುದು. ಊರಿಂದ ನಮ್ಮ ತಾಯಿಯವರು ಫೋನಿನಲ್ಲಿ, “ಗಂಡಸರ ಹಣೇಬರಾನೇ ಹಂಗವ್ವಾ, ನೀನಽ ಸೈರಣಿ ತಗೋ, ಮಂದಿಗೆ ಹೇಳಬ್ಯಾಡ,” ಎಂದರು. ಅವರ ಕಾಲದ ವಿವೇಕವದು, ಅವರನ್ನು ದೂರುವುದಿಲ್ಲ. ಆದರೆ ನಮ್ಮನ್ನು ಎಬ್ಬಿಸಿ ನಿಲ್ಲಿಸಿದ್ದು ಯಾದಗಿರಿಯ ಆಕೆಯ ಮಾತು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಾಗ, “ಅಕ್ಕಾರಽ, ಹೋದಾಂವ ಹೋದ. ನಿಮ್ಮ ಕೈ ಕಡಕೊಂಡು ಒಯ್ದಾನೇನು?” ಎಂದು ಕೇಳಿದಳು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ಬಿ.ಎ. ಪದವಿಗೆ ಆ ದಿನ ಉತ್ತರ ಹೊಳೆಯಲಿಲ್ಲ. ಎರಡು ಕೈಗಳೂ ಇದ್ದವು, ಒಂದರಲ್ಲಿ ಕೊಡವಿತ್ತು.

ಇನ್ನು ಒಂಟಿತನದ ಮಾತು. ಧಾರಾವಿಯ ವಿಸ್ತಾರ ಎರಡು ಚದರ ಕಿಲೋಮೀಟರಿಗೆ ತುಸು ಹೆಚ್ಚು. ಅದರಲ್ಲಿ ಲಕ್ಷಗಟ್ಟಲೆ ಜನ. ಪಕ್ಕದ ಖೋಲಿಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು ಬರುತ್ತದೆ. ಇಲ್ಲಿ ಯಾರಾದರೂ ಒಂಟಿಯಾಗಿರಲು ಸಾಧ್ಯವೇ ಎಂದು ಕೇಳಬಹುದು. ಸಾಧ್ಯ. ಒಂಟಿತನವೆಂದರೆ ಸುತ್ತ ಜನರಿಲ್ಲದಿರುವುದಲ್ಲ. ದಿನದಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ಹೇಳಲು ಒಬ್ಬರಿಲ್ಲದಿರುವುದು. ಸಾಹೇಬರು ಇಂದು ಏಕೆ ಸಿಡುಕಿದರು, ಟೊಮೆಟೊ ಎಷ್ಟು ದುಬಾರಿಯಾಯಿತು ಎಂಬುದನ್ನು ಕೇಳಲು ಲಕ್ಷ ಜನ ಬೇಕಿಲ್ಲ, ಒಬ್ಬರು ಸಾಕು. ಆ ಒಬ್ಬರೇ ಹೋಗಿರುತ್ತಾರೆ. ಕಚೇರಿಯ ದಿನಗಳು ಹೇಗೋ ಕಳೆಯುತ್ತವೆ. ಭಾನುವಾರದ ಮಧ್ಯಾಹ್ನ ಮಾತ್ರ ಸರಿಯುವುದೇ ಇಲ್ಲ. ಮೂರು ಲೋಟ ಅಕ್ಕಿ ಅಳೆಯುತ್ತಿದ್ದ ಕೈ ಎರಡಕ್ಕೆ ನಿಲ್ಲಲು ಎಷ್ಟೋ ವಾರ ಬೇಕಾದವು.

ಇದು ನಮ್ಮ ದೇಶದ ಹೆಂಗಸರಿಗೆ ಮಾತ್ರ ಬಂದ ಕಷ್ಟವಲ್ಲ. ಬ್ರಿಟನ್ನಿನ ಸರಕಾರ ೨೦೧೮ರಲ್ಲಿ ಒಂಟಿತನದ ಹೊಣೆಯನ್ನೇ ಒಬ್ಬ ಮಂತ್ರಿಗೆ ವಹಿಸಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದೂ ಅದು ದೇಹದ ಆರೋಗ್ಯವನ್ನೂ ಕೆಡಿಸುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೨೫ರಲ್ಲಿ ವರದಿ ಮಾಡಿತು. ಆದುದರಿಂದ ಒಂಟಿತನವನ್ನು ನಾಚಿಕೆಯ ಸಂಗತಿಯೆಂದು ಮುಚ್ಚಿಡಬೇಕಾಗಿಲ್ಲ.

ಕನ್ನಡದ ಓದುಗರಿಗೆ ಈ ವಿಷಯ ಹೊಸದೂ ಅಲ್ಲ. ೧೯೬೩ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ನಮ್ಮ ಹಿರಿಯ ಸೋದರಿಯರು ಓದಿರುತ್ತಾರೆ. ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ಕಲ್ಪನಾ ಅವರ ಅಭಿನಯ ಕಂಡು ಕಣ್ಣೊರೆಸಿಕೊಂಡೂ ಇರುತ್ತಾರೆ. ಮನಸ್ಸಿನ ಬೇನೆಯಿಂದ ಗುಣಹೊಂದಿ ಮನೆಗೆ ಬಂದ ಕಾವೇರಿಗೆ ಸಮಾಜದ ಅನುಮಾನ ಒಂದು ಕಡೆ, ಗಂಡನ ದ್ರೋಹ ಇನ್ನೊಂದು ಕಡೆ. ಆಕೆ ಮತ್ತೆ ಕುಸಿಯುತ್ತಾಳೆ. ಕಾವೇರಿಯನ್ನು ನೆನೆದಾಗಲೆಲ್ಲ ನಮಗನಿಸುವುದು ಇಷ್ಟೇ: ಆಕೆಯ ಮಾತನ್ನು ನಂಬಿ ಕೇಳುವವರು ಒಬ್ಬರಿದ್ದಿದ್ದರೆ? ನಮಗೆ ನಲ್ಲಿಯ ಹತ್ತಿರ ಒಬ್ಬರು ಸಿಕ್ಕರು. ಅದು ನಮ್ಮ ಭಾಗ್ಯ.

ಕಾನೂನಿನ ಕುರಿತು ಕೆಲವರು ವಿಚಾರಿಸುವುದುಂಟು. ‘ಪೋಲೀಸರಿಗೆ ಹೇಳಿ ಒಳಗೆ ಹಾಕಿಸಬಾರದೇ?’ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ ೪೯೭ನೆಯ ಕಲಮು ಮುಂಬಯಿಯಿಂದ ಹೋದ ಮೊಕದ್ದಮೆಯೊಂದರಲ್ಲಿ, ೧೯೫೪ರಲ್ಲಿ, ಸುಪ್ರೀಂ ಕೋರ್ಟಿನ ಮನ್ನಣೆ ಪಡೆದಿತ್ತು. ೨೦೧೮ರ ಸೆಪ್ಟೆಂಬರ್ ೨೭ರಂದು ಅದೇ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಅದು ಇದ್ದಾಗಲೂ ನಮ್ಮಂಥ ಹೆಂಡತಿಯರಿಗೆ ದೂರು ಕೊಡುವ ಅಧಿಕಾರವಿರಲಿಲ್ಲ. ಅಧಿಕಾರವಿದ್ದದ್ದು ಆ ಮತ್ತೊಬ್ಬ ಹೆಂಗಸಿನ ಗಂಡನಿಗೆ! ಹೆಂಗಸನ್ನು ಗಂಡಸಿನ ಸೊತ್ತೆಂದು ಎಣಿಸಿದ ಕಲಮು ಹೋದದ್ದಕ್ಕೆ ನಾವು ಅಳಲಿಲ್ಲ. ೧೯೫೫ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಪರಸಂಗವು ಇಂದಿಗೂ ವಿಚ್ಛೇದನಕ್ಕೆ ಕಾರಣವಾಗಬಲ್ಲದು. ಕುಟುಂಬ ನ್ಯಾಯಾಲಯ ಇಲ್ಲಿಗೆ ಸಮೀಪವೇ, ಬಾಂದ್ರಾದಲ್ಲಿದೆ. ೧೯೮೭ರ ಕಾನೂನು ಸೇವಾ ಕಾಯಿದೆಯಂತೆ ಹೆಂಗಸರಿಗೆ, ಸಂಬಳವೆಷ್ಟೇ ಇರಲಿ, ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಮನೆಯಲ್ಲಿ ಹೊಡೆತ ಬಡಿತ ನಡೆಯುವ ಹೆಂಗಸರಿಗಾಗಿ ಧಾರಾವಿಯಲ್ಲಿಯೇ ‘ಸ್ನೇಹಾ’ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ, ಡಾ. ಆರ್ಮಿಡಾ ಫರ್ನಾಂಡಿಸ್ ಅದನ್ನು ೧೯೯೯ರಲ್ಲಿ ಆರಂಭಿಸಿದರು. ಇವೆಲ್ಲವನ್ನೂ ಎಲ್ಲರೂ ಬಳಸಬೇಕೆಂದಿಲ್ಲ. ಬಾಗಿಲುಗಳು ಎಲ್ಲಿವೆಯೆಂದು ತಿಳಿದಿದ್ದರೆ ಕೋಣೆಯಲ್ಲಿ ಉಸಿರಾಡುವುದು ಸುಲಭ.

ಸ್ವಾಭಿಮಾನ ಮರಳಿದ ಬಗೆಯನ್ನು ಹೇಳಬೇಕಾದರೆ, ಅದು ಸಮಾರಂಭ ಮಾಡಿಕೊಂಡು ಬರಲಿಲ್ಲ. ಚಿಲ್ಲರೆ ಚಿಲ್ಲರೆಯಾಗಿ ಬಂತು. ಆ ಹೆಂಗಸು ಯಾರು, ಹೇಗಿದ್ದಾಳೆ ಎಂದು ಹುಡುಕುವುದನ್ನು ಮೊದಲು ನಿಲ್ಲಿಸಿದೆವು. ಫೋನಿನಲ್ಲಿ ಅವರ ಫೋಟೋ ನೋಡಿದ ದಿನವೆಲ್ಲ ಅನ್ನ ಸೇರುತ್ತಿರಲಿಲ್ಲ. ಎರಡನೆಯದಾಗಿ, ನಮಗೊಬ್ಬರಿಗೇ ಆದರೂ ಬಿಸಿ ರೊಟ್ಟಿ ತಟ್ಟಿಕೊಂಡು ತಿನ್ನುವ ರೂಢಿ ಮಾಡಿಕೊಂಡೆವು. ತನಗಾಗಿ ಒಲೆ ಹಚ್ಚದ ಹೆಂಗಸು ತಾನು ಲೆಕ್ಕಕ್ಕಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ಕಚೇರಿಯ ನಾಮನಿರ್ದೇಶನ ಪತ್ರದಲ್ಲಿ ಮಗಳ ಹೆಸರು ಬರೆದು, ಸಹಿ ಹಾಕಿ, ಮೊಹರು ಒತ್ತಿಸಿದೆವು. ಆ ದಿನ ಬಸ್ಸಿನಲ್ಲಿ ಬರುವಾಗ ಬೆನ್ನು ನೆಟ್ಟಗಿತ್ತು. ನಿದ್ದೆ ಬಾರದೆ ಬೇಡದ ಯೋಚನೆಗಳು ಬಂದ ಒಂದು ರಾತ್ರಿ ಸರಕಾರದ ಟೆಲಿ ಮಾನಸ್ ಸೇವೆಗೆ, ೧೪೪೧೬ಕ್ಕೆ, ಕರೆ ಮಾಡಿದೆವು. ೨೦೨೨ರಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಪರಊರಿನಲ್ಲಿ ನಡುರಾತ್ರಿ, ನಮ್ಮ ಭಾಷೆಯಲ್ಲಿ ಒಬ್ಬರು ‘ಹೇಳಿ, ಕೇಳುತ್ತಿದ್ದೇನೆ’ ಎಂದದ್ದು ಎಂಥ ಉಪಕಾರವೆಂಬುದನ್ನು ವಲಸೆ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರದ ಮಧ್ಯಾಹ್ನಕ್ಕೂ ಒಂದು ದಾರಿಯಾಯಿತು. ಗಲ್ಲಿಯ ಐದಾರು ಕನ್ನಡದ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಬರೆಯಲು ಬಾರದು. ಚಾಪೆ ಹಾಸಿ ಅವರಿಗೆ ಕಾಗುಣಿತ ತಿದ್ದಿಸತೊಡಗಿದೆವು. ನಮ್ಮ ಒಂಬತ್ತು ವರ್ಷದ ಮಗಳು ಅವರ ಮೇಲೆ ಮೇಷ್ಟ್ರಾಗಿ ಅಧಿಕಾರ ನಡೆಸುತ್ತಾಳೆ. ಒಮ್ಮೆ ಆಕೆ ಸ್ಲೇಟು ಒರೆಸುತ್ತ, “ಅಪ್ಪ ನಮ್ಮನ್ನು ಬಿಟ್ಟು ಹೋಗಿದ್ದು ನಾನು ಹಟ ಮಾಡ್ತಿದ್ದೆ ಅಂತಾನಾ, ಅವ್ವಾ?” ಎಂದು ಕೇಳಿದಳು. ಮೇಜಿನ ವಿಚಾರಣೆ ಆ ಪುಟ್ಟ ತಲೆಯಲ್ಲೂ ನಡೆದಿತ್ತು! “ಅಲ್ಲ ಕಂದಾ. ದೊಡ್ಡವರು ಮಾಡಿದ್ದಕ್ಕೆ ದೊಡ್ಡವರೇ ಹೊಣೆ,” ಎಂದೆವು. ಆಕೆಗೆ ಹೇಳಿದ ಮಾತು ನಮ್ಮ ಕಿವಿಗೂ ಬಿತ್ತು. ಮಕ್ಕಳಿಗೆ ತಂದೆಯ ದೋಷವನ್ನು ವರ್ಣಿಸಬೇಕಾಗಿಲ್ಲ. ಆದರೆ ದೋಷ ಅವರದಲ್ಲವೆಂದು ಬಾಯಿಬಿಟ್ಟು ಹೇಳಲೇಬೇಕು.

ಈಗ ಮನೆಯವರು ಮರಳಿ ಬರುವೆನೆಂದು ಹಿರಿಯರ ಮೂಲಕ ಹೇಳಿ ಕಳುಹಿಸಿದ್ದಾರೆ. ಒಂದು ವರ್ಷದ ಹಿಂದೆ ಈ ಮಾತು ಬಂದಿದ್ದರೆ ಬಾಗಿಲಿಗೆ ಓಡುತ್ತಿದ್ದೆವು; ಭಾನುವಾರದ ಭಯ ಅಷ್ಟಿತ್ತು. ಇಂದು ಆ ಭಯವಿಲ್ಲ. ಆದುದರಿಂದ ನಿಧಾನವಾಗಿ ವಿಚಾರ ಮಾಡುತ್ತಿದ್ದೇವೆ. ಬರುವವರು ತಪ್ಪೊಪ್ಪಿಕೊಂಡು ಬರುತ್ತಾರೋ, ಊಟ ಬಟ್ಟೆಯ ಅನುಕೂಲಕ್ಕಾಗಿ ಬರುತ್ತಾರೋ ನೋಡಬೇಕು. ತಮಿಳು ಗೆಳತಿ ತನ್ನ ಗಂಡನನ್ನು ಸೇರಿಸಿಕೊಂಡಳು, ಸುಖವಾಗಿದ್ದಾಳೆ. ಯಾದಗಿರಿಯಾಕೆ ಸೇರಿಸಲಿಲ್ಲ, ಆಕೆಯೂ ಸುಖವಾಗಿದ್ದಾಳೆ. ಯಾವುದು ಸರಿಯೆಂಬುದಕ್ಕೆ ಸುತ್ತೋಲೆ ಇಲ್ಲ. ಒಂಟಿತನಕ್ಕೆ ಹೆದರಿ ಉತ್ತರ ಕೊಡಬಾರದು, ಸಿಟ್ಟಿನಲ್ಲಿಯೂ ಕೊಡಬಾರದು ಎಂಬಷ್ಟನ್ನು ಕಲಿತಿದ್ದೇವೆ.

ಕೊನೆಯದಾಗಿ ಸಂಘದ ಕುಟುಂಬಗಳಲ್ಲಿ ಒಂದು ಬಿನ್ನಹ. ಮುಂಬಯಿಯಲ್ಲಿ ಮೈಸೂರು ಅಸೋಸಿಯೇಷನ್ ೧೯೨೬ರಲ್ಲಿ, ಕರ್ನಾಟಕ ಸಂಘ ೧೯೩೩ರಲ್ಲಿ ಹುಟ್ಟಿಕೊಂಡವು. ಊರು ಬಿಟ್ಟು ಬಂದವರಿಗೆ ತಮ್ಮವರೆಂಬ ನಾಲ್ಕು ಜನ ಬೇಕಾಗುತ್ತಾರೆಂಬುದನ್ನು ನಮ್ಮ ಹಿರಿಯರು ಅಂದೇ ಅರಿತಿದ್ದರು. ಗಂಡ ಬಿಟ್ಟುಹೋದ ಹೆಂಗಸು, ಹೆಂಡತಿ ಬಿಟ್ಟುಹೋದ ಗಂಡಸು—ಇವರು ಎರಡು ಸಲ ಊರು ಬಿಟ್ಟವರು. ಸಭೆಯಲ್ಲಿ ಇಂಥವರು ಕಂಡಾಗ ‘ಯಜಮಾನರು ಬರಲಿಲ್ಲವೇ?’ ಎಂದು ಕೇಳುವುದರ ಬದಲು ‘ಬನ್ನಿ, ಇಲ್ಲಿ ಕುಳಿತುಕೊಳ್ಳಿ’ ಎನ್ನಿ. ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಕರೆಯುವುದೋ ಬೇಡವೋ ಎಂಬ ಅನುಮಾನ ಬಂದರೆ, ಅಂಥ ಮನೆಯನ್ನೇ ಮೊದಲು ಕರೆಯಿರಿ. ಎಳ್ಳುಬೆಲ್ಲದ ಪೊಟ್ಟಣ ಹಿಡಿದುಕೊಂಡು ಒಮ್ಮೆ ಆ ಬಾಗಿಲನ್ನೂ ತಟ್ಟಿರಿ. ಒಳಗಿನವರು ತೆರೆಯಲು ತಡಮಾಡಿದರೆ, ತುಸು ಹೊತ್ತು ಅಲ್ಲೇ ನಿಂತಿರಿ.