ಊಟವೂ ಗೊತ್ತಿರಲಿ, ಮಾತೂ ಗೊತ್ತಿರಲಿ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಮ್ಮ ಸಂಘದ ಮಕ್ಕಳೆಲ್ಲ ಒಂದಲ್ಲ ಒಂದು ಸಲ ಕೇಳಿಯೇ ಇರುತ್ತೀರಿ. ನಮ್ಮ ಹಿರಿಯರು ರೋಗವನ್ನು ಊಟಕ್ಕೆ ಗಂಟು ಹಾಕಿದರು, ಮಾತನ್ನು ಜಗಳಕ್ಕೆ ಬಿಟ್ಟರು. ಆದರೆ ಒಂದು ಕಾಯಿಲೆಯ ಮಟ್ಟಿಗೆ ಊಟದಷ್ಟೇ ಮಾತೂ ಮುಖ್ಯ ಎಂಬುದು ನಮ್ಮ ಮನೆಯ ಅನುಭವ. ಅದು ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರ್. ಸಂಘದ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಮೂಗು ಮುರಿಯಬೇಡಿ. ಹಾಗೆ ಮೂಗು ಮುರಿಯುವ ಮನೆಗಳಲ್ಲೇ ಈ ರೋಗ ಸದ್ದಿಲ್ಲದೆ ಬಲಿಯುತ್ತದೆ.

ದೊಡ್ಡ ಕರುಳು ಸುಮಾರು ಐದು ಅಡಿ ಉದ್ದ. ಅದರ ಒಳಗೋಡೆಯ ಮೇಲೆ ಕೆಲವರಿಗೆ ಅಣಬೆಯಂತೆ ಸಣ್ಣ ಗಂಟು ಹುಟ್ಟಿಕೊಳ್ಳುತ್ತದೆ. ವೈದ್ಯರು ಅದನ್ನು ಪಾಲಿಪ್ ಎನ್ನುತ್ತಾರೆ. ಹೆಚ್ಚಿನ ಪಾಲಿಪ್‌ಗಳು ಏನೂ ಮಾಡುವುದಿಲ್ಲ. ಕೆಲವು ಮಾತ್ರ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಕ್ಯಾನ್ಸರ್ ಆಗುತ್ತವೆ. 2022ರ ಅಂದಾಜಿನ ಪ್ರಕಾರ ಆ ವರ್ಷ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಬಂತು, 9 ಲಕ್ಷ ಜನ ತೀರಿಕೊಂಡರು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಪ್ರಮಾಣ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ.

ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಹುಬ್ಬಳ್ಳಿಯವರು. ಹುಟ್ಟಾ ಸಸ್ಯಾಹಾರಿ. ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ. ಬೀಡಿ, ತಂಬಾಕು, ಸೆರೆ ಯಾವುದನ್ನೂ ಮುಟ್ಟಿದವರಲ್ಲ. 2011ರಲ್ಲಿ, ಅರವತ್ತು ದಾಟಿದ ಮೇಲೆ, ಅವರಿಗೆ ಶೌಚದಲ್ಲಿ ರಕ್ತ ಕಾಣಿಸಿಕೊಂಡಿತು. ಮೂಲವ್ಯಾಧಿ ಎಂದು ತಾವೇ ತೀರ್ಮಾನ ಮಾಡಿಕೊಂಡು ಎಂಟು ತಿಂಗಳು ಸುವರ್ಣಗಡ್ಡೆಯ ಪಲ್ಯ ತಿಂದರು. ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಅಂಗಿ ಸಡಿಲವಾಗುವಷ್ಟು ತೂಕ ಇಳಿದಾಗ ಇವರು ಹಟ ಹಿಡಿದು ಮುಂಬಯಿಗೆ ಕರೆಸಿಕೊಂಡರು.

ಆಸ್ಪತ್ರೆಯಲ್ಲಿ ವೈದ್ಯರು ಹಿಂದಿಯಲ್ಲಿ ಪ್ರಶ್ನೆ ಕೇಳುವುದು, ಹತ್ತೊಂಬತ್ತು ವರ್ಷದ ನನ್ನ ಮಗ ಅದನ್ನು ಕನ್ನಡದಲ್ಲಿ ದೊಡ್ಡಪ್ಪನಿಗೆ ಹೇಳುವುದು ಎಂದು ಏರ್ಪಾಡಾಯಿತು. ಭಾವನವರು ಎಲ್ಲದಕ್ಕೂ "ಎಲ್ಲಾ ಬರೋಬರಿ ಅದ" ಎಂದೇ ಉತ್ತರಿಸಿದರು. ತಮ್ಮನ ಹೆಂಡತಿ ಎದುರಿಗೆ ಕೂತಿರುವಾಗ ಪಾಪ, ಅವರಾದರೂ ಏನು ಹೇಳಿಯಾರು? ಮಗ ನನ್ನ ಕಡೆ ನೋಡಿ, "ಅಮ್ಮ, ನೀನು ಸ್ವಲ್ಪ ಹೊರಗೆ ಕೂತಿರು" ಎಂದ. ಮುಂದೆ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಮಲಕ್ಕೆ ಕನ್ನಡದಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಶಬ್ದ, ಎಳೆ ಮಕ್ಕಳು ಆಡುವ "ಕಕ್ಕ". ಅದನ್ನೇ ಗಂಭೀರವಾಗಿ ಕೇಳಿದನಂತೆ. ಭಾವನವರು ಬಿದ್ದು ಬಿದ್ದು ನಕ್ಕರಂತೆ. ನಕ್ಕ ಮೇಲೆ ಎಂಟು ತಿಂಗಳ ಕಥೆ ಹೊರಗೆ ಬಂತು.

ಕೊಲೊನೋಸ್ಕೋಪಿ ಮಾಡಿದರು. ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ಉದ್ದನೆಯ ಕೊಳವೆಯನ್ನು ಗುದದ ಮೂಲಕ ಒಳಗೆ ಬಿಟ್ಟು ದೊಡ್ಡ ಕರುಳನ್ನೆಲ್ಲ ನೋಡುವ ಪರೀಕ್ಷೆ ಅದು. ಗುದನಾಳದಲ್ಲಿ ಕ್ಯಾನ್ಸರ್ ಇತ್ತು. ಮೊದಲು ಕೆಲವು ವಾರ ವಿಕಿರಣ ಚಿಕಿತ್ಸೆ, ಜೊತೆಗೆ ಮಾತ್ರೆ. ಗಡ್ಡೆ ಕುಗ್ಗಿದ ಮೇಲೆ ಶಸ್ತ್ರಚಿಕಿತ್ಸೆ. ಹೊಲಿಗೆ ಮಾಯುವವರೆಗೆ ಹೊಟ್ಟೆಯ ಮೇಲೆ ಸಣ್ಣ ಬಾಯಿ ಮಾಡಿ ಚೀಲ ಅಂಟಿಸಿದ್ದರು. ಆ ಚೀಲದ ಚಿಂತೆ ಅವರಿಗೆ ಕ್ಯಾನ್ಸರಿನ ಚಿಂತೆಗಿಂತ ದೊಡ್ಡದಾಗಿತ್ತು. ಕೆಲವು ತಿಂಗಳ ನಂತರ ಅದನ್ನು ಮುಚ್ಚಿದರು. ಇಂದಿಗೂ ಹುಬ್ಬಳ್ಳಿಯಲ್ಲಿ ಬೆಳಗಿನ ವಾಯುಸೇವನೆ ತಪ್ಪಿಸುವುದಿಲ್ಲ.

ಆ ದಿನಗಳಲ್ಲಿ ಅವರು ಪದೇ ಪದೇ ಕೇಳುತ್ತಿದ್ದದ್ದು ಒಂದೇ ಮಾತು: "ನಾ ಏನ್ ತಿಂದಿದ್ದೆ ಅಂತ ನನಗ ಇದು ಬಂತು?" ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಓದಿದ ನನಗೆ ಈ ಪ್ರಶ್ನೆ ಒಂದು ಕೆಲಸ ಕೊಟ್ಟಿತು. ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಡೆನಿಸ್ ಬರ್ಕಿಟ್ ಎಂಬ ಐರಿಶ್ ಶಸ್ತ್ರವೈದ್ಯರು ಉಗಾಂಡದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಅಲ್ಲಿಯ ಹಳ್ಳಿಗರಲ್ಲಿ ಈ ಕ್ಯಾನ್ಸರ್ ತೀರ ಅಪರೂಪ ಎಂಬುದನ್ನು ಗಮನಿಸಿ, ಅವರ ಊಟದಲ್ಲಿ ನಾರಿನಂಶ ಹೆಚ್ಚಿರುವುದೇ ಕಾರಣವಿರಬೇಕೆಂದು 1971ರಲ್ಲಿ ಬರೆದರು. ಜಗತ್ತೆಲ್ಲ ನಾರಿನ ಜಪ ಮಾಡಿತು. ಆದರೆ 88 ಸಾವಿರಕ್ಕೂ ಹೆಚ್ಚು ಅಮೆರಿಕನ್ ದಾದಿಯರನ್ನು 16 ವರ್ಷ ಗಮನಿಸಿದ ಅಧ್ಯಯನ 1999ರಲ್ಲಿ ಹೊರಬಂದಾಗ ನಾರಿನಿಂದ ಅಂಥ ರಕ್ಷಣೆ ಕಾಣಲಿಲ್ಲ. 2003ರಲ್ಲಿ ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ ಮತ್ತೆ ಬರ್ಕಿಟ್ ಅವರ ಪಕ್ಷಕ್ಕೆ ಬಂತು. 2015ರಲ್ಲಿ ನಡೆದ ಒಂದು ಪ್ರಯೋಗವಂತೂ ಸ್ವಾರಸ್ಯವಾಗಿದೆ. ಆಫ್ರಿಕನ್ ಮೂಲದ 20 ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕದ 20 ಹಳ್ಳಿಗರಿಗೂ ಎರಡು ವಾರ ಊಟ ಅದಲುಬದಲು ಮಾಡಿದರು. ನಾರಿನ ಊಟ ಉಂಡ ಅಮೆರಿಕನ್ನರ ಕರುಳಿನ ಉರಿಯೂತ ಇಳಿಯಿತು. ಮಾಂಸ, ಕೊಬ್ಬು ತಿಂದ ಹಳ್ಳಿಗರ ಕರುಳು ಕೆಡುವ ದಾರಿ ಹಿಡಿಯಿತು. ಎರಡೇ ವಾರದಲ್ಲಿ!

ಅದೇ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಸಾಸೇಜ್, ಬೇಕನ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂದು ಸಾರಿತು. ದಿನಕ್ಕೆ 50 ಗ್ರಾಂ ತಿಂದರೆ ಈ ಕ್ಯಾನ್ಸರಿನ ಸಂಭವ ಶೇಕಡಾ 18ರಷ್ಟು ಹೆಚ್ಚುತ್ತದೆಯಂತೆ. ನೂರು ಜನರಲ್ಲಿ 18 ಜನರಿಗೆ ಬರುತ್ತದೆ ಎಂದು ಇದರ ಅರ್ಥವಲ್ಲ. ಮೊದಲು ಎಷ್ಟು ಸಂಭವವಿತ್ತೋ ಅದರ ಮೇಲೆ ಶೇಕಡಾ 18. ಕುರಿ, ಹಂದಿ, ದನದ ಮಾಂಸ "ಬಹುಶಃ ಕಾರಕ" ಎಂಬ ಪಟ್ಟಿಯಲ್ಲಿದೆ. ಮೀನು, ಕೋಳಿ ಆ ಪಟ್ಟಿಯಲ್ಲಿಲ್ಲ. ನಮ್ಮ ಕರಾವಳಿಯ ಬಂಧುಗಳು ನಿಟ್ಟುಸಿರು ಬಿಡಬಹುದು.

ಊರು ಬಿಟ್ಟವರ ಮಕ್ಕಳಾದ ನೀವು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಜಪಾನಿನಲ್ಲಿ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಇತ್ತು. ಅಮೆರಿಕಕ್ಕೆ ವಲಸೆ ಹೋದ ಜಪಾನಿಯರಲ್ಲಿ ಅದು ಏರಿತೆಂದು 1968ರಲ್ಲೇ ಸಂಶೋಧಕರು ತೋರಿಸಿದರು. ರಕ್ತ ಅದೇ, ಬದಲಾದದ್ದು ಬದುಕುವ ರೀತಿ, ತಟ್ಟೆ. ನಿಮ್ಮ ತಟ್ಟೆಯನ್ನೇ ನೋಡಿಕೊಳ್ಳಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಜೋಳದಲ್ಲಿ 10. ಪಾಲಿಶ್ ಮಾಡಿದ ಅಕ್ಕಿಯಲ್ಲೂ ಪಾವ್, ನೂಡಲ್ಸ್‌ಗಳ ಮೈದಾದಲ್ಲೂ ಮೂರು ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಡಾಪಾವ್ ಬಿಡಿ ಎಂದು ಹೇಳುವಷ್ಟು ಕಠಿಣ ಹೃದಯ ನನ್ನದಲ್ಲ. ಆದರೆ ರಾತ್ರಿ ಮನೆಯಲ್ಲಿ ರೊಟ್ಟಿ, ಸೊಪ್ಪಿನ ಪಲ್ಯ, ಕಾಳಿನ ಉಸಳಿ ಮಾಡಿದಾಗ ಮುಖ ಸಿಂಡರಿಸಬೇಡಿ.

ಹಾಗಾದರೆ ಜೋಳದ ರೊಟ್ಟಿ ಉಂಡ ಭಾವನವರಿಗೆ ಏಕೆ ಬಂತು? ಒಳ್ಳೆಯ ಊಟ ಸಂಭವವನ್ನು ಕಡಿಮೆ ಮಾಡುತ್ತದೆ, ಬರುವುದೇ ಇಲ್ಲವೆಂದು ಮಾತು ಕೊಡುವುದಿಲ್ಲ. ವಯಸ್ಸು, ವಂಶ, ತಂಬಾಕು, ಮದ್ಯ, ಬೊಜ್ಜು, ಕೂತಲ್ಲೇ ಕೂರುವ ಅಭ್ಯಾಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. "ನಾವು ಸಸ್ಯಾಹಾರಿಗಳು, ನಮಗೇನು" ಎಂಬ ಧೈರ್ಯದಲ್ಲೇ ಎಂಟು ತಿಂಗಳು ಹೋಗುತ್ತದೆ.

ಇಲ್ಲಿ ಮಾತಿನ ಮಹತ್ವ ಬರುತ್ತದೆ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಣ್ಣುಮಗಳು ಆಲ್ಡ್ರೆಡ್ ವಾರ್ತಿನ್ ಎಂಬ ವೈದ್ಯರಿಗೆ, ತನ್ನ ಮನೆತನದಲ್ಲಿ ಎಷ್ಟೋ ಜನ ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದಾರೆ, ತಾನೂ ಹಾಗೇ ಸಾಯುತ್ತೇನೆ ಎಂದಳು. ವೈದ್ಯರು ಆ ಮಾತನ್ನು ತಳ್ಳಿಹಾಕದೆ ಅವಳ ವಂಶಾವಳಿ ಬರೆದುಕೊಂಡು 1913ರಲ್ಲಿ ಪ್ರಕಟಿಸಿದರು. ಆಕೆ ಹೇಳಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಮುಂದೆ ಹೆನ್ರಿ ಲಿಂಚ್ ಎಂಬ ವೈದ್ಯರು ಆ ಕೆಲಸ ಮುಂದುವರಿಸಿದರು. ಇಂದು ಲಿಂಚ್ ಸಿಂಡ್ರೋಮ್ ಎಂದು ಕರೆಯುವ ಈ ವಂಶಪಾರಂಪರ್ಯ ದೋಷವನ್ನು ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು. ಒಬ್ಬ ಹೆಣ್ಣುಮಗಳು ಬಾಯಿ ಬಿಟ್ಟು ಹೇಳಿದ್ದರ ಫಲ ಅದು.

ಭಾವನವರಿಗೆ ಬಂದದ್ದು ಆ ಬಗೆಯದಲ್ಲ. ಆದರೂ ಒಡಹುಟ್ಟಿದವರು, ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ವೈದ್ಯರು ಹೇಳಿದರು. ನಮ್ಮ ಯಜಮಾನರು ಗೊಣಗುತ್ತಲೇ ಹೋದರು. ಹಿಂದಿನ ರಾತ್ರಿ ಲೀಟರುಗಟ್ಟಲೆ ಔಷಧದ ನೀರು ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳುವುದೇ ಅದರಲ್ಲಿ ಕಷ್ಟದ ಭಾಗ. ಒಂದು ಪಾಲಿಪ್ ಇತ್ತು. ಕೊಳವೆಯ ಮೂಲಕವೇ ತಂತಿಯ ಕುಣಿಕೆ ಹಾಕಿ ತೆಗೆದರು. ಸಂಜೆಗೆ ಮನೆಗೆ ಬಂದು ಅನ್ನ ಸಾರು ಉಂಡರು. ಅಣ್ಣನ ಕಾಯಿಲೆ ಗುಟ್ಟಾಗಿಯೇ ಉಳಿದಿದ್ದರೆ ತಮ್ಮನ ಹೊಟ್ಟೆಯಲ್ಲಿ ಆ ಗಂಟು ಬೆಳೆಯುತ್ತಲೇ ಇರುತ್ತಿತ್ತೋ ಏನೋ.

ಇದು ಮುದುಕರ ರೋಗ ಎಂದುಕೊಳ್ಳಬೇಡಿ. "ಬ್ಲ್ಯಾಕ್ ಪ್ಯಾಂಥರ್" ಚಿತ್ರದ ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದರಿಂದಲೇ ತೀರಿಕೊಂಡಾಗ ವಯಸ್ಸು 43. ಕಿರಿಯರಲ್ಲಿ ಹೆಚ್ಚುತ್ತಿರುವುದನ್ನು ಕಂಡು ಅಮೆರಿಕದ ತಜ್ಞರ ಮಂಡಳಿ ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿತು. ಮಲದಲ್ಲಿ ರಕ್ತ, ಶೌಚದ ಕ್ರಮ ಕೆಲವು ವಾರ ಏರುಪೇರಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ: ಇವುಗಳಲ್ಲಿ ಯಾವುದು ಕಂಡರೂ ವೈದ್ಯರಲ್ಲಿ ಹೋಗಿ. ಮೂಲವ್ಯಾಧಿಯೇ ಆಗಿರುವ ಸಂಭವವೇ ಹೆಚ್ಚು. ಆದರೆ ಆ ತೀರ್ಮಾನ ವೈದ್ಯರು ಮಾಡಲಿ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರ ಪಕ್ಕ ಕೂತು, ನಮ್ಮ ಮನೆತನದಲ್ಲಿ ಯಾರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂದಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. "ಹೊಟ್ಟೆಯೊಳಗ ಗಡ್ಡಿ ಆಗಿತ್ತು" ಎಂದು ಅವರು ಹೇಳುವ ಒಂದು ಸಾಲೂ ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ನಾಳೆ ಆಸ್ಪತ್ರೆಯಲ್ಲಿ ಹಿರಿಯರಿಗೂ ವೈದ್ಯರಿಗೂ ನಡುವೆ ದುಭಾಷಿಯಾಗಿ ಕೂರಬೇಕಾದವರು ನೀವೇ. ಮಲ, ಮೂತ್ರ, ಗುದ, ಕರುಳು ಎಂಬ ಶಬ್ದಗಳೂ ನಮ್ಮ ಕನ್ನಡದವೇ. ಹಾಡು, ನಾಟಕದ ಜೊತೆಗೆ ಅವನ್ನೂ ಕಲಿತುಕೊಳ್ಳಿ, ಸಂಕೋಚವಿಲ್ಲದೆ ಆಡಿ.