ಕಾಕಾನ ಕಾರಿನ ಮಡಿಕೇರಿ

ನಮ್ಮ ಕಾಕಾನ ಬಿಳಿ ಅಂಬಾಸಿಡರಿಗೆ ಏಸಿ ಇತ್ತು. ರಾಯಚೂರಿನ ನಮ್ಮ ಓಣಿಯಲ್ಲಿ ಆಗ ಅದೊಂದು ದೊಡ್ಡಸ್ತಿಕೆ. ಕಾರಿನ ಜೊತೆಗೆ ಬಂದ ಏಸಿಯಲ್ಲ, ಮೊದಲಿನ ಮಾಲೀಕರು ಹೈದರಾಬಾದಿನಲ್ಲಿ ಕೂಡಿಸಿದ್ದು. ಡ್ಯಾಶ್‌ಬೋರ್ಡಿನ ಕೆಳಗೆ, ಮುಂದೆ ಕೂತವರ ಮೊಣಕಾಲಿಗೆ ತಾಗುವಂತೆ ಒಂದು ಕಪ್ಪು ಪೆಟ್ಟಿಗೆ. ಅದಕ್ಕೆ ಎರಡು ನಾಬ್, ಒಂದು ಫ್ಯಾನಿನದು, ಇನ್ನೊಂದು ತಂಪಿನದು. ತೊಂಬತ್ತರ ದಶಕದ ಕೊನೆಯ ಮಾತು. ಏಪ್ರಿಲ್ ತಿಂಗಳು, ಕಲಬುರಗಿಯಲ್ಲಿ ಕಾಕಿಯ ತಮ್ಮನ ಮದುವೆ. ಬಿಪಿ ಇದ್ದ ಅಜ್ಜಿಯನ್ನು ಬಿಟ್ಟು ಹೋಗುವ ಹಾಗಿಲ್ಲ, ಆ ಬಿಸಿಲಿನಲ್ಲಿ ಕರೆದುಕೊಂಡು ಹೋಗುವ ಹಾಗೂ ಇಲ್ಲ. ಸರಿಯಾಗಿ ಆಗಲೇ ತಂಪಿನ ನಾಬ್ ಕೈಕೊಟ್ಟಿತು.

ಏಸಿ ತಂಪು ಮಾಡುತ್ತಿರಲಿಲ್ಲ ಅಂತಲ್ಲ, ಮಿತಿಮೀರಿ ಮಾಡುತ್ತಿತ್ತು. ಹಚ್ಚಿದ ಅರ್ಧ ತಾಸು ಸ್ವರ್ಗ. ಆಮೇಲೆ ಗಾಳಿ ಸಣ್ಣಗಾಗುತ್ತ ಆಗುತ್ತ ನಿಂತೇ ಹೋಗುವುದು. ಫ್ಯಾನು ಒಳಗೆ ಗುಂಯ್‌ಗುಡುತ್ತಲೇ ಇರುತ್ತದೆ, ಮುಖಕ್ಕೆ ಮಾತ್ರ ಏನೂ ಬಡಿಯುವುದಿಲ್ಲ. ಏಸಿ ಆರಿಸಿ ಸುಮ್ಮನೆ ಬಿಟ್ಟರೆ ಪೆಟ್ಟಿಗೆಯ ಅಡಿಯಿಂದ ನೀರು ಸುರಿದು ಕಾಕಾನ ಚಪ್ಪಲಿ ತೋಯಿಸುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಅರ್ಧ ತಾಸು.

ಕಾರ್ ಏಸಿ ಅಂಗಡಿಯವರು ನೋಡಿದರು. ಈ ಪೆಟ್ಟಿಗೆಯ ಸಾಮಾನು ಈಗ ಬರುವುದಿಲ್ಲ, ಗ್ಯಾಸ್ ಬಿಟ್ಟು ಇಡೀ ಯೂನಿಟ್ ತೆಗೆದು ಹೊಸದು ಹಾಕಬೇಕು ಎಂದರು. ಅವರು ಹೇಳಿದ ದುಡ್ಡು ಕೇಳಿ ಕಾಕಾ ಅಲ್ಲಿ ಚಹಾ ಸಹ ಕುಡಿಯದೆ ಎದ್ದು ಬಂದ. ಅದರಲ್ಲಿದ್ದದ್ದು ಆರ್-12 ಗ್ಯಾಸ್. ಓಝೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಕಡಿತಕ್ಕೆ ಒಳಗಾದದ್ದು ಇಂಥ ಗ್ಯಾಸುಗಳೇ. ಭಾರತ 1992ರಲ್ಲಿ ಅದಕ್ಕೆ ಸೇರಿತ್ತು. ಹೋಗುವ ಕಾಲದ ಗ್ಯಾಸನ್ನು, ಅದೂ ಸೋರದೆ ಗಟ್ಟಿಯಾಗಿ ನಿಂತಿರುವುದನ್ನು, ಗಾಳಿಗೆ ಬಿಡುವುದೆಂದರೆ ಕಾಕಾನ ಹೊಟ್ಟೆ ಚುರ್ ಎನ್ನದೆ ಇರುತ್ತದೆಯೆ?

ಕೊನೆಗೆ ಕಾರು ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಫ್ರಿಜ್ ರಿಪೇರಿ ಮಾಡುವ ಉಸ್ತಾದರ ಮುಂದೆ ನಿಂತಿತು. ಕಾರಿನ ಕೆಲಸ ಅವರದಲ್ಲ. ಆದರೂ ಪೆಟ್ಟಿಗೆಯ ಮುಂದಿನ ಜಾಲರಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಕೂಲಿಂಗ್ ಕಾಯಿಲ್ ಕಾಣಲೇ ಇಲ್ಲ, ತಗಡಿನ ಸಂದುಗಳೆಲ್ಲ ಮುಚ್ಚಿ ಒಂದೇ ಬಿಳಿ ಹಿಮದ ಹೆಂಟೆ. ಗಾಳಿಗೆ ದಾರಿ ಇದ್ದರೆ ತಾನೆ ಬರುವುದು!

"ಇದೇನೂ ಕೆಟ್ಟಿಲ್ರೀ ಸಾವಕಾರ್ರೆ," ಎಂದರು. "ಇದಕ್ಕ ನಿಲ್ಲೋದು ಮರ್ತು ಹೋಗ್ಯದ, ಅಷ್ಟೇ."

ನಾನಾಗ ಪಾಲಿಟೆಕ್ನಿಕ್ ಹುಡುಗ. ಪುಸ್ತಕದಲ್ಲಿ ಓದಿದ್ದು ಅವತ್ತು ಕಣ್ಣಿಗೆ ಬಿತ್ತು. ಇಂಥ ಏಸಿಯಲ್ಲಿ ತಂಪಿನ ನಾಬ್ ತಂಪನ್ನು ಹೆಚ್ಚು ಕಡಿಮೆ ಮಾಡುವುದೇ ಇಲ್ಲ, ಕಂಪ್ರೆಸರ್ ಯಾವಾಗ ನಿಲ್ಲಬೇಕು ಎಂಬುದನ್ನಷ್ಟೇ ಹೇಳುತ್ತದೆ. ನಾಬಿನ ಹಿಂದೆ ಥರ್ಮೋಸ್ಟಾಟ್. ಅದರಿಂದ ಹೊರಡುವ ತಾಮ್ರದ ಎಳೆಯಂಥ ಸಣ್ಣ ಕೊಳವೆಯ ತುದಿ ಕಾಯಿಲಿನ ಸಂದಿಯಲ್ಲಿ ಸಿಕ್ಕಿಸಿರುತ್ತದೆ. ಕೊಳವೆಯೊಳಗಿನ ಗ್ಯಾಸು ತಣ್ಣಗಾದರೆ ಕುಗ್ಗಿ ಸ್ವಿಚ್ ಬಿಡಿಸುತ್ತದೆ, ಬೆಚ್ಚಗಾದರೆ ಹಿಗ್ಗಿ ಕೂಡಿಸುತ್ತದೆ. ಸ್ವಿಚ್ ಬಿಟ್ಟಾಗ ಕಂಪ್ರೆಸರಿನ ಕ್ಲಚ್ ಬಿಟ್ಟು ಕಂಪ್ರೆಸರ್ ನಿಲ್ಲುತ್ತದೆ. ನಮ್ಮದರಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿತ್ತು. ಥರ್ಮೋಸ್ಟಾಟ್ ಬದಲಿಸಲು ಗ್ಯಾಸಿನ ಪೈಪನ್ನು ಮುಟ್ಟುವ ಅಗತ್ಯವೇ ಇಲ್ಲ. ನಾಲ್ಕು ತಿರುಪು, ಎರಡು ವೈರು. ಅಂಗಡಿಯವರು ಈ ಮಾತನ್ನೇ ನುಂಗಿಕೊಂಡಿದ್ದರು.

ಹೊಸ ಥರ್ಮೋಸ್ಟಾಟ್ ಹುಡುಕುವವರೆಗೆ ಉಸ್ತಾದರು ಒಂದು ಸಾದಾ ಸ್ವಿಚ್ ಹಾಕಿಕೊಟ್ಟರು. ಗಾಳಿ ಸಣ್ಣಗಾಗುವ ಸುಳಿವು ಸಿಕ್ಕರೆ ಆರಿಸಬೇಕು, ಸೆಕೆ ಎನಿಸಿದರೆ ಹಚ್ಚಬೇಕು. ಈ ಹುದ್ದೆ ಮುಂದೆ ಕೂರುವ ಕಾಕಿಯ ಪಾಲಿಗೆ ಬಂತು. ಆಕೆಗೆ ನಿದ್ದೆ ಬಂದರೆ ಏಸಿಗೆ ಹಿಮ. ನಗುವಂಥದ್ದೇನಿಲ್ಲ, ಅಮೆರಿಕದ ಪ್ಯಾಕರ್ಡ್ ಕಾರಿನ 1940ರ ಮಾದರಿಗೆ ಕಾರ್ಖಾನೆಯಿಂದಲೇ ಏಸಿ ಬಂದಾಗ ಅದಕ್ಕೆ ಥರ್ಮೋಸ್ಟಾಟೂ ಇರಲಿಲ್ಲ, ಕ್ಲಚ್ಚೂ ಇರಲಿಲ್ಲ. ಕಂಪ್ರೆಸರ್ ನಿಲ್ಲಿಸಬೇಕೆಂದರೆ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತಂತೆ. ಅದಕ್ಕೆ ಹೋಲಿಸಿದರೆ ನಮ್ಮ ಕಾಕಿ ಸುಧಾರಿತ ತಂತ್ರಜ್ಞಾನ.

ಉಸ್ತಾದರ ಹತ್ತಿರ ಫ್ರಿಜ್ಜಿನ ಥರ್ಮೋಸ್ಟಾಟುಗಳು ಡಬ್ಬಿ ತುಂಬ ಇದ್ದವು. ಅವುಗಳಲ್ಲಿ ಒಂದನ್ನು ಹಾಕಿಬಿಡಿ ಎಂದ ಕಾಕಾ. ಅವರು ಒಪ್ಪಲಿಲ್ಲ. ಫ್ರಿಜ್ಜಿನದು ಸೊನ್ನೆಗಿಂತ ಎಷ್ಟೋ ಕೆಳಗೆ ಹೋದ ಮೇಲೆಯೇ ಬಿಡುವುದು, ಅಲ್ಲಿ ಮಂಜುಗಡ್ಡೆ ಕಟ್ಟಲೇಬೇಕಲ್ಲ. ಕಾರಿನ ಕಾಯಿಲ್ ಸೊನ್ನೆ ಮುಟ್ಟುವ ಮೊದಲೇ ನಿಲ್ಲಬೇಕು. ಹಾಗೆ ನಿಲ್ಲುವುದು ಯಾವುದು ಎಂದು ಯೋಚಿಸುತ್ತ ಬೀಡಿ ಸೇದಿ ಮುಗಿಸಿ, ಮೂಲೆಯಲ್ಲಿ ಬಿದ್ದಿದ್ದ ನೀರಿನ ಕೂಲರ್ ಕಡೆ ನಡೆದರು. ಆಫೀಸುಗಳಲ್ಲಿ, ರೈಲು ಸ್ಟೇಷನ್ನಿನಲ್ಲಿ ಇರುತ್ತದಲ್ಲ, ಆ ಸ್ಟೀಲಿನದು. ಕುಡಿಯುವ ನೀರು ಗಡ್ಡೆ ಕಟ್ಟಬಾರದು, ಹಾಗಾಗಿ ಅದರ ಥರ್ಮೋಸ್ಟಾಟ್ ಸೊನ್ನೆಗೆ ಮೇಲೆಯೇ ಬಿಡುತ್ತದೆ.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಅದನ್ನು ಪರೀಕ್ಷಿಸಿದ ಬಗೆ. ಒಂದು ಸ್ಟೀಲ್ ಲೋಟದಲ್ಲಿ ಮಣ್ಣಿನ ಗಡಿಗೆಯ ನೀರು, ಪಕ್ಕದ ಸೋಡಾ ಅಂಗಡಿಯಿಂದ ತಂದ ಐಸ್ ಚೂರು, ಹಳೆಯ ಬ್ಯಾಟರಿ, ಇಂಡಿಕೇಟರಿನ ಬಲ್ಬು. ಜ್ವರದ ಥರ್ಮಾಮೀಟರು ಇದಕ್ಕೆ ಬರುವುದಿಲ್ಲ, ಅದರ ಲೆಕ್ಕ ಶುರುವಾಗುವುದೇ 35 ಡಿಗ್ರಿಯಿಂದ. ಕಾಲೇಜಿನ ಲ್ಯಾಬಿನಿಂದ ಗಾಜಿನದೊಂದನ್ನು ನಾನು ತಂದಿದ್ದೆ. ಉಸ್ತಾದರು ಕೊಳವೆಯ ತುದಿಯನ್ನು ನೀರಿಗೆ ಇಳಿಬಿಟ್ಟು, ಒಂದೊಂದೇ ಚೂರು ಐಸ್ ಹಾಕುತ್ತ ಕಲಕುತ್ತ ಕೂತರು. ಪಾದರಸ ಇಳಿಯಿತು. ಹತ್ತು, ಎಂಟು, ಏಳು. ಟಕ್ ಎಂದು ಬಲ್ಬ್ ಆರಿತು. "ಜಲ್ದಿ ಆತು," ಎಂದು ಥರ್ಮೋಸ್ಟಾಟಿನ ಬದಿಯ ಸಣ್ಣ ತಿರುಪನ್ನು ಕೂದಲೆಳೆಯಷ್ಟು ಸರಿಸಿದರು. ಮತ್ತೆ ಗಡಿಗೆಯ ನೀರು, ಮತ್ತೆ ಐಸ್. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದು ಮತ್ತೆ ಕೂತರು. ಕಡೆಗೆ 2 ಡಿಗ್ರಿಗೆ ಆರಿ 6ಕ್ಕೆ ಹತ್ತುವಂತಾಯಿತು. ನಾಬನ್ನು ಪೂರ್ತಿ ತಂಪಿಗೆ ತಿರುವಿದಾಗಿನ ಲೆಕ್ಕ ಇದು. ಹಿಂದಕ್ಕೆ ತಿರುವಿದರೆ ಇನ್ನೂ ಮೇಲೆ ಬಿಡುತ್ತಿತ್ತು.

ಕೂಡಿಸುವುದರಲ್ಲೂ ಎರಡು ಸೂಕ್ಷ್ಮ ಇದ್ದವು. ಈ ಸ್ವಿಚ್ ಮನೆಯ ಕರೆಂಟಿಗೆ ಮಾಡಿದ್ದು. ಮನೆಯ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುವುದರಿಂದ ಸ್ವಿಚ್ ಬಿಟ್ಟಾಗ ಏಳುವ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ ಕರೆಂಟು ಹಾಗಲ್ಲ, ಒಂದೇ ಸಮ ಹರಿಯುತ್ತದೆ, ಕಿಡಿ ಎಳೆದಾಡಿ ಕಾಂಟ್ಯಾಕ್ಟನ್ನು ತಿನ್ನುತ್ತದೆ. ಕ್ಲಚ್ ಎಳೆಯುವುದೋ ನಾಲ್ಕು ಆಂಪಿಯರಿನ ಆಸುಪಾಸು. ಆದ್ದರಿಂದ ನಡುವೆ ಒಂದು ಹಾರ್ನ್ ರಿಲೇ ಹಾಕಿದರು. ಥರ್ಮೋಸ್ಟಾಟ್ ರಿಲೇಗೆ ಸನ್ನೆ ಮಾಡುವುದು, ರಿಲೇ ಕ್ಲಚ್ಚಿನ ಭಾರ ಹೊರುವುದು.

ಇನ್ನೊಂದು, ಕೊಳವೆ ಹಾಯುವ ದಾರಿ. ಮೊದಲ ಸಲ ಏಸಿ ಹಚ್ಚಿದ ಕೂಡಲೇ ನಿಂತುಬಿಟ್ಟಿತು, ಕಾರಿನ ಒಳಗಿನ್ನೂ ಕುಲುಮೆ. ಕಾಕಾನ ಮುಖ ಸಣ್ಣದಾಯಿತು. ಉಸ್ತಾದರು ಬಗ್ಗಿ ಟಾರ್ಚ್ ಬಿಟ್ಟರು. ಕೊಳವೆಯ ನಡುಭಾಗ ಕಂಪ್ರೆಸರಿಗೆ ಮರಳುವ ತಣ್ಣನೆಯ ಪೈಪಿಗೆ ತಗುಲಿತ್ತು. ಇಂಥ ಕೊಳವೆ ತನ್ನ ಉದ್ದದಲ್ಲಿ ಎಲ್ಲಿ ಅತಿ ತಣ್ಣಗಿದೆಯೋ ಅಲ್ಲಿಯ ಮಾತನ್ನೇ ಕೇಳುವುದು, ತುದಿ ಎಲ್ಲೇ ಇರಲಿ. ಸೈಕಲ್ ಟ್ಯೂಬಿನ ತುಂಡು ಸುತ್ತಿ, ಮಡಿಕೆ ಬೀಳದಂತೆ ದೂರ ಬಾಗಿಸಿದರು. ಮಡಿಕೆ ಬಿದ್ದು ಸೀಳಿದರೆ ಒಳಗಿನ ಗ್ಯಾಸು ಹೋಗಿ ಮುಗಿಯಿತು ಕಥೆ.

ಹಳೆಯ ನಾಬ್ ಹೊಸ ಕಡ್ಡಿಗೆ ಕೂಡಲಿಲ್ಲ. ಮನೆಯ ಅಟ್ಟದಲ್ಲಿದ್ದ ರೇಡಿಯೊದ ನಾಬ್ ತಂದು ತಿರುಪು ಬಿಗಿದೆವು. ಅದರ ಸುತ್ತ ರಟ್ಟಿನ ಬಿಲ್ಲೆ ಅಂಟಿಸಿ ಕಾಕಾ ಸ್ಕೆಚ್ ಪೆನ್ನಿನಲ್ಲಿ ಬರೆದ: ಎಡಕ್ಕೆ ರಾಯಚೂರು, ನಡುವೆ ಧಾರವಾಡ, ಬಲತುದಿಗೆ ಮಡಿಕೇರಿ.

ಮದುವೆಯ ಹಿಂದಿನ ದಿನ ದೇವದುರ್ಗದ ಮೇಲೆ ಹೊರಟೆವು. ಹೂವಿನಹೆಡಗಿಯ ಸೇತುವೆ ದಾಟುವಾಗ ಕೃಷ್ಣೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಡ್ಯಾಶ್‌ಬೋರ್ಡಿನ ಕೆಳಗೆ ರಿಲೇ ಟಕ್ ಎಂದಾಗಲೆಲ್ಲ ಎಂಜಿನ್ ಒಂಚೂರು ತಗ್ಗಿ ಮತ್ತೆ ಏಳುತ್ತಿತ್ತು. "ಅದೇನೋ ಟಕ್ ಟಕ್ ಅಂತದಲ್ಲೋ?" ಎಂದು ಅಜ್ಜಿ. "ಏಸಿ ಉಸಿರು ತಗೋತದ ಯವ್ವಾ," ಎಂದು ಕಾಕಾ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಬಂದಾಗ ಅಜ್ಜಿ ಸೆರಗನ್ನು ಕಿವಿಗೆ ಸುತ್ತಿಕೊಂಡಿದ್ದಳು. ಜೇವರ್ಗಿ ಇನ್ನೂ ದೂರವಿತ್ತು. "ಯಪ್ಪಾ, ಮೈ ನಡಗಾಕತ್ತದ, ರಾಯಚೂರಿಗೆ ತಿರುವೋ!" ಎಂದಳು. ಅಜ್ಜಿ ಊರಿಗೇ ವಾಪಸ್ ಹೊರಟಳೆಂದು ಕಾಕಿ ಗಾಬರಿಯಾದದ್ದು ಮದುವೆಮನೆಯಲ್ಲೆಲ್ಲ ಸುದ್ದಿಯಾಯಿತು.

ಈಗ ಹನ್ನೆರಡು ವೋಲ್ಟಿನ ಡಿಜಿಟಲ್ ಥರ್ಮೋಸ್ಟಾಟ್ ಅಂಗೈ ಅಗಲದ ಹಲಗೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ರಿಲೇ ಅದರಲ್ಲೇ ಇರುತ್ತದೆ, ಅಂಕಿ ಕೆಂಪಗೆ ಕಾಣುತ್ತದೆ. ಆಗ ಅದೆಲ್ಲಿತ್ತು?

ಕೆಲವು ವರ್ಷಗಳ ಮೇಲೆ ಕಾಕಾ ಆ ಕಾರನ್ನು ಸಿಂಧನೂರಿನ ಕಡೆಯ ಭತ್ತದ ರೈತರೊಬ್ಬರಿಗೆ ಮಾರಿದ. ಅವರು ಎಂಜಿನ್ ನೋಡಿದರು, ಟೈರ್ ಒದ್ದರು, ಒಳಗೆ ಕೂತು ರಟ್ಟಿನ ಬಿಲ್ಲೆಯ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಕಾಕಾ ಊರುಗಳ ಅರ್ಥ ಹೇಳಲಿಲ್ಲ. "ರಿಲೇ ಹೋದರ ಹಾರ್ನಿಂದು ಕೇಳ್ರಿ, ಎಲ್ಲಿ ಬೇಕಾದರೂ ಸಿಗ್ತದ," ಎಂದ. "ಥರ್ಮೋಸ್ಟಾಟ್ ಹೋದರ ಮಾತ್ರ ನೀರಿನ ಕೂಲರಿಂದೇ ಕೇಳ್ರಿ. ಫ್ರಿಜ್ಜಿಂದು ಕೊಟ್ಟರ ತಗೋಬ್ಯಾಡ್ರಿ."